ಕರೆಂಟ್ ಇಲ್ದ ಫ್ಲೋರೈಡ್ ತೆಗಿಯೋ ಫಿಲ್ಟರ್ ಮಾಡೀವಿ, ಮಾರೋದು ಯಾರಿಗೆ?

ಕುಷ್ಟಗಿ_ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ಕುಷ್ಟಗಿ ಕಡಿಯಾಂವ ನಾನು, ಕೆಮಿಕಲ್ ಇಂಜಿನಿಯರಿಂಗ್ ಮುಗಿಸೀನಿ. ನಾನು ಮತ್ತ ಇಬ್ರು ಗೆಳ್ಯಾರು ಸೇರಿ ಫ್ಲೋರೈಡ್ ಹಿಡಿಯೋ ಒಂದು ಮೀಡಿಯಾ ರೆಡಿ ಮಾಡೀವಿ. ಅಲ್ಯುಮಿನಾದ ಮ್ಯಾಲೆ ಇನ್ನೊಂದು ಲೋಹದ ಆಕ್ಸೈಡ್ ಕೂಡಿಸಿದ್ದು, ಸಣ್ಣ ಸಣ್ಣ ಕಾಳು ಇರ್ತಾವ, ಪೈಪಿನ್ಯಾಗ ತುಂಬಿ ಮ್ಯಾಲಿಂದ ನೀರು ಬಿಟ್ರ ಕೆಳಗ ಬರೋ ಹೊತ್ತಿಗೆ ಫ್ಲೋರೈಡ್ ಇಳಿದಿರ್ತೈತಿ. ಕರೆಂಟ್ ಬ್ಯಾಡ, ಮೋಟರ್ ಬ್ಯಾಡ, ಆರ್‌ಓದಾಗ ಆದಂಗ ಅರ್ಧ ನೀರು ಗಟಾರಕ್ಕ ಹೋಗೋದೂ ಇಲ್ಲ. ಲ್ಯಾಬಿನ್ಯಾಗ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ) ಇದ್ದಿದ್ದು 1ರ ಒಳಗ ಬಂದೈತಿ.

ಮುಂದ ಏನು ಅನ್ನೋದ್ರಾಗ ಮೂರು ಮಂದಿದು ಮೂರು ದಿಕ್ಕು. ಒಬ್ಬಾಂವ ಮನಿ ಮನಿಗೆ ಮಾರೂನು ಅಂತಾನ, ಮೂರ್ನಾಲ್ಕು ಸಾವಿರದಾಗ ಒಂದು ಪೀಸ್ ಕೊಡಬಹುದು. ಇನ್ನೊಬ್ಬಾಂವ ಪಂಚಾಯ್ತಿ ಹಿಡಿಯೂನು, ಒಮ್ಮೆ ಆರ್ಡರ್ ಬಿತ್ತಂದ್ರ ಐವತ್ತು ಊರು ಒಂದ ಸಲ ಅಂತಾನ. ಬೆಂಗ್ಳೂರಾಗ ಒಬ್ರು ಮೆಂಟರ್ ಸಿಕ್ಕಿದ್ರು, ಅವ್ರಂತೂ ಇದನ್ನೆಲ್ಲಾ ಬಿಡ್ರಿ, ಇಥಿಯೋಪಿಯಾ ಕೀನ್ಯಾ ಟಾಂಜಾನಿಯಾದಾಗ ರಿಫ್ಟ್ ವ್ಯಾಲಿ ಉದ್ದಕ್ಕೂ ಫ್ಲೋರೈಡ್ ಐತಿ, ಎಮರ್ಜಿಂಗ್ ಮಾರ್ಕೆಟ್ ಅಂತ ಒಂದು ಸ್ಲೈಡ್ ಹಾಕ್ರಿ ಇನ್ವೆಸ್ಟರ್ ತಾವ ಬರ್ತಾರ ಅಂದ್ರು. ನಾವಿನ್ನಾ ನಮ್ಮ ತಾಲೂಕಿನ್ಯಾಗ ಒಂದು ಪೀಸ್ ಕೂಡಿಸಿಲ್ಲ, ನಡುವ ಕೀನ್ಯಾ ಎಲ್ಲಿಂದ ಬಂತು ತಿಳೀವಲ್ದು.

ನೀರಿನ ಕೆಲಸ ಮಾಡಿದವ್ರು, ಪ್ಲಾಂಟ್ ನಡೆಸಿದವ್ರು, ಟೆಂಡರ್ ಹಾಕಿದವ್ರು ಯಾರಾದ್ರೂ ಇದ್ರ ಹೇಳ್ರಿ. ಬೈದ್ರೂ ನಡೀತೈತಿ.

ಮೆಂಬ್ರೇನ್_ಮಾಮಾ:

ತಮ್ಮಾ, ನಾ ರಾಯಚೂರಾಂವ, ಆರ್‌ಓ ಪ್ಲಾಂಟ್ ಸರ್ವಿಸ್ ಮಾಡ್ತೀನಿ, ದೇವದುರ್ಗ ಲಿಂಗಸುಗೂರು ಮಾನ್ವಿ ಈ ಕಡೆ ಎಲ್ಲಾ ತಿರಗಾಟ. ನಿನ್ನ ಕೆಮಿಸ್ಟ್ರಿ ನಂಗ ತಿಳಿಯಂಗಿಲ್ಲ, ಅದು ಚಲೋನೇ ಇರಬಹುದು. ಆದ್ರ ಮಂದಿ ಆರ್‌ಓ ನೀರಿಗೆ ಯಾಕ ರೊಕ್ಕ ಕೊಡ್ತಾರ ಅನ್ನೋದು ಮೊದಲ ತಿಳ್ಕೊ. ಫ್ಲೋರೈಡ್ ಹೋಗ್ತದಂತ ಯಾರೂ ಕೊಡಂಗಿಲ್ಲ. ಸೌಳ ನೀರು ಸಿಹಿ ಆಗ್ತದ, ಬ್ಯಾಳಿ ಬೇಯ್ತದ, ಚಾ ಒಡಿಯಂಗಿಲ್ಲ, ಪಾತೇಲಿಗೆ ಬಿಳಿ ಕಟ್ಟಂಗಿಲ್ಲ, ಅದಕ್ಕ ಕೊಡ್ತಾರ. ಫ್ಲೋರೈಡಿಗೆ ರುಚಿನೂ ಇಲ್ಲ ವಾಸನಿನೂ ಇಲ್ಲ ಬಣ್ಣನೂ ಇಲ್ಲ. ನಿನ್ನ ಫಿಲ್ಟರಿನಿಂದ ಬಂದ ನೀರಿನ ಟಿಡಿಎಸ್, ಅಂದ್ರ ನೀರಾಗ ಕರಗಿದ ಉಪ್ಪು ಖನಿಜದ ಲೆಕ್ಕ, ಎಷ್ಟು? ಒಳಗ ಹೋಗಬೇಕಾದ್ರ 1400 ಇದ್ರ ಹೊರಗ ಬರಬೇಕಾದ್ರೂ ಹತ್ರ ಹತ್ರ 1400ನೇ ಇರ್ತದಲ್ಲ?

ಲಿಂಗಸುಗೂರು ಕಡೆ ಒಂದೂರಾಗ ಒಂದು ಸಂಸ್ಥೆಯವ್ರು ಹಿಂಗ ಫ್ಲೋರೈಡ್ ಅಷ್ಟ ತೆಗಿಯೋ ಟ್ಯಾಂಕ್ ಕೂಡಿಸಿದ್ರು. ಉದ್ಘಾಟನಿ ದಿನ ನಾನೂ ಅಲ್ಲಿದ್ದೆ, ಬಾಜೂದ ಪ್ಲಾಂಟ್ ರಿಪೇರಿ ಇತ್ತು. ಒಬ್ಬಾಕಿ ಮುದುಕಿ ಬೊಗಸಿ ಹಿಡಿದು ಕುಡಿದ್ಲು, ಬಾಯಾಗ ಆಕಡೆ ಈಕಡೆ ಆಡಿಸಿದ್ಲು, ಆಮ್ಯಾಲ ಆ ಇಂಜಿನಿಯರ್ ಮಾರಿ ನೋಡಿ "ಯಪ್ಪಾ, ಇದು ನಮ್ಮ ಬೋರಿನ ನೀರ ಅಲ್ಲೇನೋ" ಅಂದ್ಲು. ಅಂವ ರಿಪೋರ್ಟ್ ತೋರಿಸಿ ಫ್ಲೋರೈಡ್ 0.8 ಅದ ಅಂತ ಏನೇನೋ ಹೇಳಿದ. ಮುದುಕಿ ಕೊಡ ತಗೊಂಡು ಆರ್‌ಓ ಕಡೆ ಹೋಗಿ ಪಾಳಿ ಹಚ್ಚಿದ್ಲು. ಆ ಟ್ಯಾಂಕಿನ ಮುಂದ ಈಗ ಆಡು ಕಟ್ಟತಾರ.

ಇನ್ನೊಂದು ಲೆಕ್ಕ. ಮನಿಗೆ ಕುಡಿಲಿಕ್ಕೂ ಅಡಗಿಗೂ ಕೂಡಿ ದಿನಕ್ಕ 15 ಲೀಟರ್ ಹಿಡಿ. 4ರಿಂದ 1ಕ್ಕ ಇಳಿಸ್ತೀ ಅಂದ್ರ ಲೀಟರಿಗೆ 3 ಮಿಲಿಗ್ರಾಂ, ದಿನಕ್ಕ 45, ವರ್ಷಕ್ಕ 16 ಗ್ರಾಮಿನ ಮ್ಯಾಲೆ ಫ್ಲೋರೈಡ್ ನಿನ್ನ ಮೀಡಿಯಾ ಹಿಡೀಬೇಕು. ಗ್ರಾಮಿಗೆ 4 ಮಿಲಿಗ್ರಾಂ ಹಿಡಿದ್ರ ವರ್ಷಕ್ಕ 4 ಕೆಜಿ ಮೀಡಿಯಾ ಸಾಕು, 1 ಮಿಲಿಗ್ರಾಂ ಅಷ್ಟ ಹಿಡಿದ್ರ 16 ಕೆಜಿ ಬೇಕು. ನಿಂದು ಎಷ್ಟು ಹಿಡೀತದ ಅದು ಹೇಳಿಲ್ಲ ನೀ. ಮೂರ್ನಾಲ್ಕು ಸಾವಿರ ಅಂದಿ, ಅದು ಮೊದಲನೇ ಸಲದ್ದು, ಎರಡನೇ ವರ್ಷ ಮೀಡಿಯಾ ಬದಲಿ ಮಾಡೋರು ಯಾರು, ರೊಕ್ಕ ಯಾರು ಕೊಡ್ತಾರ? ಮೀಡಿಯಾ ಮುಗದದ ಅಂತ ಮನಿಯವ್ರಿಗೆ ಹೆಂಗ ಗೊತ್ತಾಗ್ಬೇಕು? ಆರ್‌ಓ ಕೆಟ್ರ ನಾಲಿಗಿಗೆ ಗೊತ್ತಾಗ್ತದ, ಅವತ್ತ ನನಗ ಫೋನ್ ಬರ್ತದ. ನಿಂದು ಸತ್ತು ಆರು ತಿಂಗಳಾದ್ರೂ ಮಂದಿ ನೀರು ಶುದ್ಧ ಅದ ಅಂತ ಕುಡಕೋತ ಕೂಡ್ತಾರ.

ಅದಕ್ಕ ಮನಿ ಮನಿ ಅನ್ನೋದು ಬಿಡು ಅಂತೀನಿ.

ಕಾಲುವಿ_ದಂಡಿ:

ಸಿಂಧನೂರಿಂದ. ಜಲಜೀವನದಾಗ ಎಲ್ಲಾ ಕಡೆ ಪೈಪ್ ಹಾಕ್ಯಾರ, ಬಹುಗ್ರಾಮ ಯೋಜನೆ ಬಂದು ನದಿ ನೀರು ಮನಿಗೆ ಬರ್ತದ ಅಂದಮ್ಯಾಲೆ ಬೋರ್ ನೀರು ಯಾರು ಕುಡೀತಾರ? ನದಿ ನೀರಾಗ ಫ್ಲೋರೈಡ್ ಎಲ್ಲದ? ಐದು ವರ್ಷದಾಗ ನಿಮ್ಮ ಮಾರ್ಕೆಟ್ಟೇ ಇರಂಗಿಲ್ಲ, ಬ್ಯಾರೆ ಉದ್ಯೋಗ ನೋಡ್ರಿ.

ಮೆಂಬ್ರೇನ್_ಮಾಮಾ:

ಅಣ್ಣಾ ಪೈಪ್ ಹಾಕ್ಯಾರ ಖರೆ, ಪೈಪಿನ್ಯಾಗ ಏನು ಬರ್ತದ ಅದು ನೋಡು. ಕಾಲುವಿ ಬಂದ್ ಆದ ಮ್ಯಾಲೆ ಕೆರಿ ತಳ ಕಂಡಾಗ ಅದ ಪೈಪಿಗೆ ವಾಟರ್‌ಮನ್ ಬೋರಿನ ನೀರು ತಿರುಗಿಸ್ತಾನ. ನಲ್ಲಿ ಒಂದ, ನೀರು ಎರಡು. ಬ್ಯಾಸಗ್ಯಾಗ ಬೋರ್ ಆಳಕ್ಕ ಇಳಿದಾಗ ಫ್ಲೋರೈಡ್ ಜಾಸ್ತಿ ಇರೋದು, ಮಂದಿ ಹೆಚ್ಚು ನೀರು ಕುಡಿಯೋದೂ ಆವಾಗ. ಹಂಗಂತ ನಿನ್ನ ಮಾತು ಸುಳ್ಳಲ್ಲ, ಕಾಲುವಿ ಬಾಜೂಕಿನ ಊರಾಗ ಇದನ್ನ ಮಾರಲಿಕ್ಕೆ ಆಗಂಗಿಲ್ಲ. ಕುಷ್ಟಗಿ ಯಲಬುರ್ಗಾದಂಥ ಮಡ್ಡಿ ಭಾಗ ಬ್ಯಾರೆ ಮಾತು.

ಕಾಲುವಿ_ದಂಡಿ:

ಅದು ಖರೆ ಅದ. 2024ರ ಆಗಸ್ಟಿನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕಿತ್ತು ಹೋದಾಗ ನಮ್ಮ ಕಡೆ ಎಲ್ಲಾರಿಗೂ ಮೊದ್ಲು ಬೆಳಿ ಚಿಂತಿ ಬಂತು, ಆಮ್ಯಾಲ ಕುಡಿಯೋ ನೀರಿಂದು. ಆದ್ರೂ ಎರಡ್ಮೂರು ತಿಂಗಳ ಸಲುವಾಗಿ ಮಶೀನ್ ಯಾರು ತಗೊಂತಾರ ಅಂತೀನಿ.

ಲ್ಯಾಬ್_ಮೇಷ್ಟ್ರು:

ಕೊಪ್ಪಳದಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ, ನೀರಿನ ಸ್ಯಾಂಪಲ್ ನೋಡೋ ಅಭ್ಯಾಸ ಇದೆ. ಕುಷ್ಟಗಿಯವರೇ, ಮಾರೋ ವಿಚಾರ ಆಮೇಲೆ, ಮೊದಲು ಒಂದು ಪ್ರಶ್ನೆ, ಆ 4 ಪಿಪಿಎಂ ನೀರು ಎಲ್ಲಿಂದ ತಂದ್ರಿ? ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಮಾಡಿಕೊಂಡಿದ್ದಾ, ಇಲ್ಲಾ ನಿಜವಾದ ಬೋರ್ ನೀರಾ? ಯಾಕಂದ್ರೆ ಇದರ ಮೇಲೆನೇ ಎಲ್ಲಾ ನಿಂತಿರೋದು.

ನಮ್ಮ ಕಡೆ ಕೆಳಗಿರೋದು ಗ್ರಾನೈಟ್, ನೈಸ್ ಕಲ್ಲು. ಆ ಕಲ್ಲಲ್ಲಿರೋ ಖನಿಜದಿಂದ ಫ್ಲೋರೈಡ್ ಬಿಡ್ತದೆ, ನೀರಲ್ಲಿ ಬೈಕಾರ್ಬೊನೇಟ್ ಜಾಸ್ತಿ ಕ್ಯಾಲ್ಸಿಯಂ ಕಮ್ಮಿ ಇದ್ದಲ್ಲಿ ಇನ್ನೂ ಜಾಸ್ತಿ ಬಿಡ್ತದೆ. ಅಂದ್ರೆ ಎಲ್ಲಿ ಫ್ಲೋರೈಡ್ ಹೆಚ್ಚೋ ಅಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟೂ ಹೆಚ್ಚು, ಪಿಎಚ್ ಏಳೂವರೆ ಎಂಟರ ಮೇಲೆ. ಅಲ್ಯುಮಿನಾ ಚೆನ್ನಾಗಿ ಕೆಲಸ ಮಾಡೋದು ಪಿಎಚ್ 5.5ರಿಂದ 6.5ರ ಒಳಗೆ. ಅದರ ಮೇಲೆ ಹೋದ್ರೆ ಶಕ್ತಿ ಇಳೀತದೆ, ಜೊತೆಗೆ ಬೈಕಾರ್ಬೊನೇಟು ಸಿಲಿಕಾ ಬಂದು ಫ್ಲೋರೈಡ್ ಕೂತ್ಕೊಳ್ಳೋ ಜಾಗದಲ್ಲಿ ಕೂತ್ಕೊಳ್ತಾವೆ. ಮಾಮಾ ಹೇಳಿದ 4 ಕೆಜಿ 16 ಕೆಜಿ ಲೆಕ್ಕ ಇದೆಯಲ್ಲ, ಡಿಸ್ಟಿಲ್ಡ್ ನೀರಲ್ಲಿ 4 ಕೆಜಿ ಸಾಕು ಅನ್ನಿಸಿದ್ದು ಬೋರ್ ನೀರಿಗೆ ಹಚ್ಚಿದಾಗ 16 ಆಗೋದು ಹಿಂಗೇ. ನಿಮ್ಮ ಬಿಸಿನೆಸ್ ಪ್ಲ್ಯಾನಲ್ಲಿರೋ ಎಲ್ಲಾ ನಂಬರು ಆ ಒಂದು ನಂಬರಿನ ಮಕ್ಕಳು.

ಎರಡನೇದು, ಹೊರಗೆ ಬರೋ ನೀರಲ್ಲಿ ಅಲ್ಯುಮಿನಿಯಂ ಎಷ್ಟಿದೆ ನೋಡಿದ್ರಾ? ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಫ್ಲೋರೈಡ್ 1.0 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ರೆ 1.5ರ ತನಕ. ಅಲ್ಯುಮಿನಿಯಂ 0.03, ಗತಿ ಇಲ್ಲದಿದ್ರೆ 0.2. ಫ್ಲೋರೈಡ್ ಪಾಸಾಗಿ ಅಲ್ಯುಮಿನಿಯಂ ಫೇಲ್ ಆದ ರಿಪೋರ್ಟ್ ಹಿಡ್ಕೊಂಡು ಯಾವ ಆಫೀಸಿಗೂ ಹೋಗೋಕಾಗಲ್ಲ. ನೀವು ಸೇರಿಸಿರೋ ಇನ್ನೊಂದು ಲೋಹ ಯಾವ್ದೋ ಅದನ್ನೂ ನೋಡಿಸಿ. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಲ್ಲೇ ಮಾಡಿಸಿ, ಕಾಲೇಜು ಲ್ಯಾಬಿನ ರಿಪೋರ್ಟ್ ಇಲಾಖೆಯವರು ಮುಟ್ಟಲ್ಲ.

ಮೂರನೇದು ಮುಗಿದ ಮೀಡಿಯಾ. ಕಾಸ್ಟಿಕ್ ಸೋಡಾದಲ್ಲಿ ತೊಳೆದು ಆಮೇಲೆ ಆಸಿಡ್ ಹಾಕಿ ಮತ್ತೆ ಬಳಸಬಹುದು, ಆದ್ರೆ ಅದನ್ನ ಊರಲ್ಲಿ ಯಾರ ಕೈಗೂ ಕೊಡಬೇಡಿ. ತೊಳೆದ ನೀರಲ್ಲಿ ಆ ವರ್ಷವಿಡೀ ಹಿಡಿದ ಫ್ಲೋರೈಡೆಲ್ಲಾ ಇರ್ತದೆ, ಅದನ್ನ ಹೊಲಕ್ಕೋ ಹಳ್ಳಕ್ಕೋ ಚೆಲ್ಲಿದ್ರೆ ಮಾಡಿದ್ದೆಲ್ಲಾ ವಾಪಸ್ ನೆಲಕ್ಕೆ. ಹಳೇ ಮೀಡಿಯಾ ವಾಪಸ್ ತಂದು ಒಂದು ಕಡೆ ತೊಳೆಯೋ ವ್ಯವಸ್ಥೆ, ಅದರ ಗಾಡಿ ಖರ್ಚು, ಇದೆಲ್ಲಾ ನಿಮ್ಮ ರೇಟಲ್ಲಿ ಸೇರಿರಬೇಕು.

ಪೇಟೆಂಟ್ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಯಾವ್ದಾದ್ರೂ ಸೆಮಿನಾರಲ್ಲೋ ಪೇಪರಲ್ಲೋ ಇಡೋಕೆ ಮುಂಚೆ ಪ್ರೊವಿಷನಲ್ ಅಂದ್ರೆ ತಾತ್ಕಾಲಿಕ ಅರ್ಜಿ ಹಾಕಿ, ಆನ್‌ಲೈನಲ್ಲಿ ಹಾಕಿದ್ರೆ ವ್ಯಕ್ತಿಗೂ ಸ್ಟಾರ್ಟಪ್‌ಗೂ ಸರ್ಕಾರಿ ಫೀ 1600 ರೂಪಾಯಿ ಅಷ್ಟೇ, ಹನ್ನೆರಡು ತಿಂಗಳೊಳಗೆ ಪೂರ್ತಿ ಅರ್ಜಿ ಹಾಕಬೇಕು. ಕಾಲೇಜು ಲ್ಯಾಬಲ್ಲಿ ಮಾಡಿದ್ದಾದ್ರೆ ಕಾಲೇಜಿಗೆ ಪಾಲು ಇದೆಯಾ ಅನ್ನೋದನ್ನ ಈಗಲೇ ಕಾಗದದ ಮೇಲೆ ತಗೊಳ್ಳಿ, ದುಡ್ಡು ಬಂದ ಮೇಲೆ ಕೇಳಿದ್ರೆ ಉತ್ತರ ಬೇರೆ ಇರ್ತದೆ.

ಕುಷ್ಟಗಿ_ಹುಡುಗ:

ಸರ್, ಡಿಸ್ಟಿಲ್ಡ್ ನೀರಾಗ ಮಾಡಿದ್ದೂ ಐತಿ, ನಮ್ಮೂರ ಬೋರಿಂದೂ ಐತಿ. ಬೋರ್ ನೀರಾಗ ಮೊದ್ಲು ಚಲೋ ಬಂತು, ಆದ್ರ ಸಣ್ಣ ಕಾಲಮ್ಮಿನ್ಯಾಗ ಮಾಡಿದ್ದು, ಕಡೀತನ ಓಡಿಸಿ ಎಲ್ಲಿ ಫ್ಲೋರೈಡ್ ದಾಟ್ತೈತಿ ಅಂತ ನೋಡಿಲ್ರಿ. ಅಲ್ಯುಮಿನಿಯಂ ಟೆಸ್ಟ್ ಮಾಡಿಸ್ತೀವಿ. ಮಾಮಾ, ಟಿಡಿಎಸ್ ನೀವು ಹೇಳಿದಂಗ ಇಳಿಯಂಗಿಲ್ಲ. ಆದ್ರ ಆರ್‌ಓ ನೀರು ಭಾಳ ಸಪ್ಪನ, ಅದ್ರಾಗಿನ ಖನಿಜ ಎಲ್ಲಾ ಹೋಗ್ತಾವ ಅಂತಾರಲ್ಲ? 2019ರಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎನ್‌ಜಿಟಿನೂ ಟಿಡಿಎಸ್ 500ಕ್ಕಿಂತ ಕಡಿಮಿ ಇದ್ದಲ್ಲಿ ಆರ್‌ಓ ಬ್ಯಾಡ ಅಂತ ಹೇಳಿತ್ತು. ಅದನ್ನ ಹೇಳಿ ಮಾರಬಹುದಲ್ಲ ಅಂತ ನಮ್ಮ ವಿಚಾರ ಇತ್ತು.

ಮೆಂಬ್ರೇನ್_ಮಾಮಾ:

500ರ ಒಳಗ ಇರೋ ಬೋರ್ ನಿಮ್ಮ ಕಡೆ ಎಲ್ಲದ ತೋರ್ಸು, ನಾನ ಬಂದು ಪೂಜಿ ಮಾಡ್ತೀನಿ.

ಸಂಘದ_ಅಕ್ಕ:

ನಮಸ್ಕಾರ್ರಿ, ಯಲಬುರ್ಗಾ ತಾಲೂಕಿನಾಕಿ ನಾನು, ನಮ್ಮ ಸ್ವಸಹಾಯ ಸಂಘದಿಂದ ಊರಾಗಿನ ಶುದ್ಧ ಕುಡಿಯೋ ನೀರಿನ ಘಟಕ ನಾವ ನಡೆಸ್ತೀವಿ. ಇಲ್ಲಿ ಎಲ್ಲಾರೂ ಮಶೀನ್ ಬಗ್ಗೆ ಮಾತಾಡಾಕತ್ತೀರಿ, ನಾ ದಿನಾ ಮುಂಜಾನಿ ಏನು ನಡೀತೈತಿ ಹೇಳ್ತೀನಿ.

20 ಲೀಟರ್ ಕ್ಯಾನಿಗೆ 5 ರೂಪಾಯಿ ಕಾಯಿನ್. ದಿನಕ್ಕ ನೂರು ಕ್ಯಾನ್ ಹೋದ್ರ 500, ತಿಂಗಳಿಗೆ 15 ಸಾವಿರ. ಕೇಳಾಕ ಚಂದ ಐತಿ. ಅದ್ರಾಗ ಕರೆಂಟ್ ಬಿಲ್ಲು, ಘಟಕ ನೋಡ್ಕೊಳ್ಳೋ ಹುಡುಗನ ಪಗಾರ, ಫಿಲ್ಟರ್ ಕ್ಯಾಂಡಲ್ಲು, ಮಶೀನಿನ್ಯಾಗ ಬಿಳಿ ಕಟ್ಟದಂಗ ಹಾಕೋ ಆ ಆಂಟಿಸ್ಕೇಲಂಟ್ ಅನ್ನೋ ಔಷಧ, ಕಾಯಿನ್ ಬಾಕ್ಸ್ ಸಿಕ್ಕಾಕೊಂಡ್ರ ಅದರ ರಿಪೇರಿ, ಎಲ್ಲಾ ಹೋಗಬೇಕು. ಮಳಿಗಾಲದಾಗ ನೂರು ಕ್ಯಾನ್ ಎಲ್ಲಿಂದ ಬರ್ತಾವ್ರಿ, ಮಂದಿ ಹಳ್ಳದ ನೀರು, ನಲ್ಲಿ ನೀರು ಅಂತ ಹೋಗಿಬಿಡ್ತಾರ. ಮೆಂಬ್ರೇನ್, ಅಂದ್ರ ಆರ್‌ಓದಾಗ ನೀರು ಸೋಸೋ ಪರದಿ, ಹೋತಂದ್ರ ಮುಗೀತು, ನಾವು ಕೂಡಿಸಿಟ್ಟ ರೊಕ್ಕ ಒಂದ ಸಲಕ್ಕ ಖಾಲಿ. ನಾವು ಇನ್ನಾ ನಡೆಸಾಕತ್ತಿದ್ದು ಯಾಕಂದ್ರ ಸಂಘದ ಲೆಕ್ಕದಾಗ ತಿಂಗಳಾ ಒಂದಿಷ್ಟು ಮೆಂಬ್ರೇನಿಗೆ ಅಂತ ಬ್ಯಾರೆ ತೆಗೆದಿಡ್ತೀವಿ, ಅದಕ್ಕ. ಬಾಜೂಕಿನ ಊರಾಗ ಗುತ್ತಿಗಿದಾರ ನಡೆಸ್ತಿದ್ದ, ಅಂವ ಬಿಟ್ಟು ಹೋದ, ಈಗ ಬಾಗಿಲಿಗೆ ಕೀಲಿ ಐತಿ, ಒಳಗ ಮಶೀನಿಗೆ ಜಂಗು ಹಿಡದೈತಿ.

ತಮ್ಮಾ, ನಿನ್ನ ಫಿಲ್ಟರ್ ನಂಗ ಬ್ಯಾಡ ಅನ್ನಂಗಿಲ್ಲ ನಾನು. ನಮ್ಮೂರ ಸಾಲ್ಯಾಗ ಹುಡುಗರ ಹಲ್ಲು ನೋಡಿದ್ರ ಹೊಟ್ಟಿ ಉರೀತೈತಿ, ಹಳದಿ ಗೆರಿ, ಕಂದು ಚುಕ್ಕಿ. ಮನ್ಯಾಗ ಫಿಲ್ಟರ್ ನೀರು ಕುಡಿಯೋ ಹುಡುಗ್ರೂ ಸಾಲ್ಯಾಗ ಬೋರಿನ ನೀರ ಕುಡೀತಾವ, ಬಿಸಿಯೂಟದ ಸಾರು ಅನ್ನ ಎಲ್ಲಾ ಅದ ನೀರಾಗ. ದಿನಾ ಕ್ಯಾನ್ ತರಿಸಿ ಅಡಗಿ ಮಾಡ್ರಿ ಅಂದ್ರ ಅಡಗಿಯವ್ರಿಗೆ ಆ ರೊಕ್ಕ ಯಾರು ಕೊಡ್ತಾರ? ಅಲ್ಲಿ ನಿನ್ನ ಫಿಲ್ಟರ್ ಕೂಡಿಸು. ಸಾಲಿ ಹುಡುಗ್ರು ನೀರು ಸಪ್ಪಗೈತಿ ಸೌಳ ಐತಿ ಅಂತ ಬಿಟ್ಟು ಹೋಗಂಗಿಲ್ಲ, ಅಲ್ಲಿ ಯಾವ ನೀರು ಇಟ್ಟೀವಿ ಅದನ್ನ ಕುಡೀತಾವ. ಮ್ಯಾಲೆ ಟಾಕಿ ಇರ್ತೈತಿ, ಕರೆಂಟ್ ಇಲ್ಲಂದ್ರೂ ನೀರು ತಾನ ಕೆಳಗ ಬರ್ತೈತಿ, ನೀ ಕರೆಂಟ್ ಬ್ಯಾಡ ಅಂದಿದ್ದು ಅಲ್ಲೇ ಉಪಯೋಗ.

ಒಂದ ಕೇಳ್ಕೊಂತೀನಿ, ಕೂಡಿಸಿ ಫೋಟೋ ತಗೊಂಡು ಹೋಗಬ್ಯಾಡ. ಮೀಡಿಯಾ ಬದಲಿ ಮಾಡಾಕ ಸಂಘದವ್ರಿಗೆ ಕಲಿಸು, ತಿಂಗಳಿಗೊಮ್ಮೆ ಟೆಸ್ಟ್ ಮಾಡೋ ಕಿಟ್ ಕೊಡು. ನಮ್ಮ ಊರಾಗ ಐದು ಮಂದಿ ಹೆಣ್ಮಕ್ಕಳಿಗೆ ಜಲಜೀವನದಾಗ ಆ ಕಿಟ್ಟಿನ ಟ್ರೇನಿಂಗ್ ಆಗೈತಿ, ಬಣ್ಣ ನೋಡಿ ಹೇಳೋದು, ಅದೇನು ದೊಡ್ಡ ಕೆಲಸ ಅಲ್ಲ. ಅದಕ್ಕ ಒಂದಿಷ್ಟು ಪಗಾರ ಅಂತ ಹಚ್ಚು, ಪುಕ್ಕಟೆ ಸೇವಾ ಮಾಡ್ರಿ ಅಂದ್ರ ನಾಕು ತಿಂಗಳು ಮಾಡ್ತಾರ, ಐದನೇ ತಿಂಗಳು ಕಿಟ್ ಎಲ್ಲೈತಿ ಅಂತ ಹುಡುಕಬೇಕಾಗ್ತೈತಿ.

ನೈರೋಬಿ_ಗಂಗಾವತಿ:

ಗಂಗಾವತಿಯವನು, ಪಂಪ್ ಕೆಲಸದ ಮ್ಯಾಲೆ ನೈರೋಬಿಯಾಗ ಇದೀನಿ. ಕೀನ್ಯಾ ಮಾತು ಬಂತಂತ ಬರೀತಾ ಇದೀನಿ. ಆ ಮೆಂಟರ್ ಹೇಳಿದ್ದು ಭೂಗೋಳ ಮಟ್ಟಿಗೆ ಸರಿ, ಇಲ್ಲಿನ ನಕುರು ಊರಿನ ಕಡೆ ಫ್ಲೋರೈಡ್ ನಮ್ಮಕ್ಕಿಂತ ಕೆಟ್ಟದಾಗೈತಿ. ಆದ್ರ ಅಲ್ಲಿ ಕ್ಯಾಥೊಲಿಕ್ ಡಯಾಸಿಸ್‌ನವ್ರು (ಚರ್ಚಿನವ್ರು) ವರ್ಷಗಟ್ಟಲೆ ದನದ ಎಲುಬು ಸುಟ್ಟು ಇದ್ದಲು ಮಾಡಿ ಅದರಿಂದ ಫ್ಲೋರೈಡ್ ತೆಗೀತಾ ಬಂದಾರ. ಎಲುಬು ಅಲ್ಲೇ ಸಿಗೋ ಮಾಲು, ಅಗ್ಗ. ನೀವು ಕುಷ್ಟಗಿಯಿಂದ ಮೀಡಿಯಾ ಹಡಗಿಗೆ ಹಾಕಿ ಕಳಿಸಿ ಆ ರೇಟಿಗೆ ಕೊಡಾಕ ಆಗ್ತದಾ? ಅದ ಎಲುಬಿನ ಇದ್ದಲು ನಮ್ಮ ಊರಾಗ ಕೂಡಿಸಿ ನೋಡ್ರಿ, ಮಂದಿ ಘಟಕದ ಹತ್ರನೂ ಬರಂಗಿಲ್ಲ. ಫ್ಲೋರೈಡ್ ಒಂದ, ಮಾರ್ಕೆಟ್ ಬ್ಯಾರೆ.

ದೊಡ್ಡ ದೊಡ್ಡವ್ರೇ ಇಲ್ಲಿ ಎಡವಿದ್ದಾರ. ಪಿ ಅಂಡ್ ಜಿ ಕಂಪನಿ ಪ್ಯೂರ್ ಅಂತ ಪುಡಿ ತಂದಿತ್ತು, ಒಂದು ಪೊಟ್ಟಣ 10 ಲೀಟರಿಗೆ, ಕೆಲಸ ಮಾತ್ರ ಭಾಳ ಚಂದ ಮಾಡ್ತದ, ಕೆಸರು ನೀರು ಕಣ್ಣ ಮುಂದ ತಿಳಿ ಆಗ್ತದ. ಮಾರಿ ಲಾಭ ಮಾಡಾಕ ಆಗಲಿಲ್ಲ, 2004ರ ಹೊತ್ತಿಗೆ ಅದನ್ನ ಲಾಭ ಇಲ್ಲದ ಸೇವಾ ಕಾರ್ಯಕ್ರಮ ಮಾಡಿಕೊಂಡ್ರು. ಸೋಪು ಮಾರಿ ಜಗತ್ತು ಗೆದ್ದ ಕಂಪನಿ ಕಥಿ ಇದು. ಇಲ್ಲೇ ಪಶ್ಚಿಮ ಕೀನ್ಯಾದಾಗ 2011ರಲ್ಲಿ ಲೈಫ್‌ಸ್ಟ್ರಾ ಫಿಲ್ಟರ್ ಸುಮಾರು 9 ಲಕ್ಷ ಪುಕ್ಕಟೆ ಹಂಚಿದ್ರು. ಮಂದಿ ನೀರು ಕುದಿಸಾಕ ಕಟಿಗಿ ಸುಡೋದು ತಪ್ತದ, ಅದರ ಕಾರ್ಬನ್ ಕ್ರೆಡಿಟ್ (ಹೊಗಿ ಕಡಿಮಿ ಮಾಡಿದ್ದಕ್ಕ ಸಿಗೋ ಪತ್ರ) ಮಾರಿ ಖರ್ಚು ತೆಗೀಬೇಕು ಅಂತ ಪ್ಲ್ಯಾನು. ಆದ್ರ ಮೊದಲು ನಿಜಕ್ಕೂ ಎಷ್ಟು ಮಂದಿ ಕುದಿಸ್ತಿದ್ರು, ಕೊಟ್ಟ ಫಿಲ್ಟರ್ ಎಷ್ಟು ಮಂದಿ ಬಳಸ್ತಾರ ಅಂತ ಜಗಳ ಎದ್ದಿತು. ನಿಮಗ ಆ ದಾರಿನೂ ಇಲ್ಲ ಬಿಡ್ರಿ, ಫ್ಲೋರೈಡ್ ಕುದಿಸಿದ್ರ ಹೋಗಂಗಿಲ್ಲ, ಹಂಗಾಗಿ ಉಳಿತಾಯ ಆಗೋ ಕಟಿಗಿನೂ ಇಲ್ಲ.

ಬಳ್ಳಾರಿ_ಗುಡ್ಡ:

ಅಕ್ಕ ಹೇಳಿದ್ದೇ ಸರಿ ಐತೆ, ಶಾಲೆ ಹಾಸ್ಟೆಲ್ ಅಂಗನವಾಡಿ ಹಿಡೀರಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ಒಳಗೆ ಕಟ್ಟೋ ಟೈಮಲ್ಲೇ ಫ್ಲೋರೈಡ್ ಹೊಡೆತ ಬೀಳೋದು, ದೊಡ್ಡವರಾದ ಮೇಲೆ ಎಷ್ಟು ಒಳ್ಳೇ ನೀರು ಕೊಟ್ರೂ ಆ ಕಲೆ ಹೋಗಲ್ಲ. ಅದಕ್ಕೇ ದುಡ್ಡು ಕೇಳೋಕೂ ಅಲ್ಲೇ ಸುಲಭ. ನಾನು ಸಪ್ಲೈ ಲೈನಲ್ಲಿದೀನಿ, ಟೆಂಡರ್ ಒಳಗಿನ ಮಾತು ಹೇಳ್ತೀನಿ ಕೇಳಪ್ಪ.

ಪಂಚಾಯ್ತಿ ಒಮ್ಮೆ ಆರ್ಡರ್ ಕೊಟ್ರೆ ಐವತ್ತು ಊರು ಅಂತ ನಿನ್ ಗೆಳೆಯ ಅಂದ್ನಲ್ಲ, ಅದು ಹಂಗೆ ನಡೆಯಲ್ಲ. ಸರ್ಕಾರಿ ಖರೀದಿಗೆ ಕೆಟಿಪಿಪಿ ಅಂತ ಕಾಯ್ದೆ ಐತೆ, 1999ರದ್ದು, ದೊಡ್ಡ ಖರೀದಿ ಟೆಂಡರ್ ಇಲ್ದೆ ಮಾಡಂಗಿಲ್ಲ. ಟೆಂಡರಲ್ಲಿ ಸ್ಪೆಸಿಫಿಕೇಶನ್ ಅಂತ ಇರ್ತೈತೆ, ಅಲ್ಲಿ ಆರ್‌ಓ, ಗಂಟೆಗೆ ಇಂತಿಷ್ಟು ಲೀಟರ್, ಮೆಂಬ್ರೇನ್ ಇಂತದ್ದು ಅಂತ ಬರೆದಿರ್ತಾರೆ. ನಿನ್ ಸಾಮಾನು ಇಲಾಖೆಯ ಎಸ್‌ಆರ್ ರೇಟ್ ಲಿಸ್ಟಲ್ಲೇ ಇಲ್ಲ ಅಂದ್ಮೇಲೆ ಇಂಜಿನಿಯರ್ ಎಸ್ಟಿಮೇಟ್ ಹೆಂಗೆ ಮಾಡ್ತಾನೆ? ಒಳ್ಳೇ ಮನುಷ್ಯನೇ ಇರ್ಲಿ, ನಾಳೆ ಆಡಿಟ್‌ನವರು ಕೇಳಿದ್ರೆ ಏನು ಹೇಳ್ಬೇಕು? ಅದೇ ಕಾಯ್ದೇಲಿ ಟೆಂಡರ್ ಬೇಡ ಅನ್ನೋ 4(ಜಿ) ವಿನಾಯಿತಿ ಅಂತ ಐತೆ, ಅದಕ್ಕೆ ಸರ್ಕಾರದ ಮಟ್ಟದಲ್ಲೇ ಆಗ್ಬೇಕು, ಹೊಸ ಹುಡುಗರಿಗೆ ಅದು ಸಿಗೋ ಮಾತಲ್ಲ.

ಹಂಗಾಗಿ ಮೊದಲನೇ ದುಡ್ಡು ಸರ್ಕಾರದ ಟೆಂಡರಿಂದ ಬರಲ್ಲ ಅಂತ ತಿಳ್ಕೊಂಡೇ ಹೊರಡು. ಸಿಎಸ್‌ಆರ್ ಕಡೆ ಹೋಗು, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಇಡೋ ದುಡ್ಡು, ಕಂಪನಿ ಕಾಯ್ದೆ ಶೆಡ್ಯೂಲ್ 7ರಲ್ಲಿ ಶುದ್ಧ ಕುಡಿಯೋ ನೀರು ಅಂತ ಹೆಸರಿಟ್ಟು ಬರೆದೈತೆ, ತೋರಣಗಲ್ಲು ಸಂಡೂರು ಸುತ್ತ ದೊಡ್ಡ ಕಂಪನಿಗಳಿಗೆ ಕಡಿಮೆ ಇಲ್ಲ. ಇನ್ನೊಂದು ಡಿಎಂಎಫ್, ಗಣಿ ರಾಯಲ್ಟಿ ಮೇಲೆ ಬರೋ ಜಿಲ್ಲಾ ಖನಿಜ ನಿಧಿ, 2015ರಿಂದ ಐತೆ, ಅದ್ರಲ್ಲೂ ಕುಡಿಯೋ ನೀರಿಗೆ ಮೊದಲ ಆದ್ಯತೆ. ಆದ್ರೆ ಅದು ಗಣಿಯಿಂದ ತೊಂದರೆ ಆದ ಊರಿಗೆ, ನಮ್ಮ ಬಳ್ಳಾರಿಗೆ ದಂಡಿ ಬರ್ತೈತೆ, ಕುಷ್ಟಗಿಗೆ ಅದು ಲೆಕ್ಕಕ್ಕಿಲ್ಲ. ಅದಕ್ಕೇ ಮೊದಲ ಹತ್ತು ಶಾಲೆ ಸಂಡೂರು ಕಡೆ ಮಾಡಿದ್ರೂ ತಪ್ಪಿಲ್ಲ, ಅಲ್ಲಿ ನೀರಲ್ಲಿ ಫ್ಲೋರೈಡ್ ಇರೋ ಶಾಲೆ ಹುಡುಕ್ಬೇಕು ಅಷ್ಟೇ. ಸ್ಟಾರ್ಟಪ್‌ಗಳಿಗೆ ಕರ್ನಾಟಕ ಸರ್ಕಾರ ಮಾಡಿರೋ ಎಲಿವೇಟ್ ಯೋಜನೆಗೂ ಅರ್ಜಿ ಹಾಕು, 50 ಲಕ್ಷದ ತನಕ ಗ್ರಾಂಟ್, ಪಾಲು ಕೇಳಲ್ಲ.

ಈಗ ಮುಖ್ಯ ಮಾತು. ಈ ಎಲ್ಲಾ ದುಡ್ಡೂ ಕೂಡಿಸೋಕೆ ಬರ್ತೈತೆ, ನಡೆಸೋಕೆ ಬರಲ್ಲ. ಟೇಪು ಕತ್ತರಿಸೋ ದಿನದ ತನಕ ಎಲ್ಲಾರೂ ಇರ್ತಾರೆ. ನೀನು ಕೊಟೇಶನ್ ಬರೀಬೇಕಾದ್ರೆ ಪೀಸಿಗೆ ಇಷ್ಟು ಅಂತ ಬರೀಬೇಡ, ಒಂದು ಶಾಲೆಗೆ ಐದು ವರ್ಷ ಫ್ಲೋರೈಡ್ 1ರ ಒಳಗಿನ ನೀರು ಕೊಡ್ತೀನಿ, ವರ್ಷಕ್ಕೆ ಇಷ್ಟು ಅಂತ ಬರಿ. ಮೀಡಿಯಾ, ತಿಂಗಳ ಟೆಸ್ಟು, ಅಕ್ಕನ ಸಂಘದವರ ಪಗಾರ, ಹಳೇ ಮೀಡಿಯಾ ವಾಪಸ್ ತರೋ ಗಾಡಿ, ಎಲ್ಲಾ ಅದರೊಳಗೆ. ಸಿಎಸ್‌ಆರ್‌ನವರು ಮೊದ್ಲು ಮುಖ ಗಂಟು ಹಾಕ್ತಾರೆ, ಈ ವರ್ಷದ ಬಜೆಟ್ ಈ ವರ್ಷ ಮುಗೀಬೇಕು ಅಂತಾರೆ. ಆದ್ರೆ ಅವರೇ ಹಿಂದೆ ಕೊಟ್ಟ ಆರ್‌ಓಗಳು ಎಷ್ಟು ನಿಂತಾವೆ ಅಂತ ಕೇಳಿದ್ರೆ ಮಾತು ಮೆತ್ತಗಾಗ್ತೈತೆ.

ಇಲ್ಲಾ ನಮ್ಮಿಂದ ಇಷ್ಟು ತಾಪತ್ರಯ ಆಗಲ್ಲ ಅಂದ್ರೆ ಲೈಸೆನ್ಸ್ ಕೊಟ್ಬಿಡಿ. ಬರ್ಕ್ಲಿಯ ಅಶೋಕ್ ಗಾಡ್ಗೀಳ್ ಟೀಮಿನವರು ಆರ್ಸೆನಿಕ್ ತೆಗಿಯೋಕೆ ಕಬ್ಬಿಣದ ಪ್ಲೇಟಿಗೆ ಕರೆಂಟ್ ಬಿಟ್ಟು ಮಾಡೋ ವಿಧಾನ ಕಂಡುಹಿಡಿದ್ರು, ಬಂಗಾಳದಲ್ಲಿ ಧಪ್‌ಧಪಿ ಅನ್ನೋ ಊರಿನ ಹೈಸ್ಕೂಲಲ್ಲೇ ದಿನಕ್ಕೆ 10 ಸಾವಿರ ಲೀಟರಿನ ಪ್ಲಾಂಟ್ ಹಾಕಿ ತೋರಿಸಿದ್ರು, ಇಂಡಿಯಾಕ್ಕೆ ಲೈಸೆನ್ಸ್ ಲಿವ್‌ಪ್ಯೂರ್ ತಗೊಂತು. ಅವರೂ ಶಾಲೆಯಿಂದಲೇ ಶುರು ಮಾಡಿದ್ದು ನೋಡು.

ಮೆಂಬ್ರೇನ್_ಮಾಮಾ:

ಗುಡ್ಡದ ಅಣ್ಣ ಹೇಳಿದ್ದಕ್ಕ ಒಂದು ಸೇರಸ್ತೀನಿ. ಸಾಲಿ ಅಂದ್ಮ್ಯಾಲೆ ಕ್ರಿಮಿದೂ ನೋಡಬೇಕು. ನಿನ್ನ ಮೀಡಿಯಾ ಫ್ಲೋರೈಡ್ ಹಿಡೀತದ, ಕ್ರಿಮಿ ಕೊಲ್ಲಂಗಿಲ್ಲ. ಬ್ಯಾಸಗಿ ಸೂಟಿಯಾಗ ಎರಡು ತಿಂಗಳು ಸಾಲಿ ಬಂದ್, ಆ ಪೈಪಿನ್ಯಾಗ ನೀರು ನಿಂತ್ರ ಕಾಳಿನ ಮ್ಯಾಲೆ ಪಾಚಿ ಕಟ್ಟತದ. 2022ರಾಗ ರಾಯಚೂರು ಸಿಟಿಯಾಗ ಕೆಟ್ಟ ನೀರು ಕುಡಿದು ಮಂದಿ ಸತ್ತಾಗ ನಮ್ಮ ಓಣ್ಯಾಗ ಒಬ್ರೂ ನಲ್ಲಿ ನೀರು ಮುಟ್ಟಲಿಲ್ಲ ಎಷ್ಟೋ ದಿನ. ನಿನ್ನ ಫಿಲ್ಟರ್ ಕೂಡಿಸಿದ ಸಾಲ್ಯಾಗ ಒಂದ ಒಂದು ಹುಡುಗಗ ವಾಂತಿ ಭೇದಿ ಆತು ಅಂದ್ರ, ಕಾರಣ ಏನೇ ಇರ್ಲಿ, ನಿನ್ನ ಹೆಸರು ಹೇಳ್ತಾರ. ಕೊನೀಗೆ ಒಂದು ಕ್ಲೋರಿನ್ ಡೋಸರ್ ಹಚ್ಚು, ಅದಕ್ಕೂ ಕರೆಂಟ್ ಬ್ಯಾಡ, ಗುಳಿಗಿ ಹಾಕೋದು ಬರ್ತದ. ಸೂಟಿಗೆ ಮೊದ್ಲು ನೀರು ಪೂರ್ತಿ ಇಳಿಸಿ, ಸಾಲಿ ಚಾಲೂ ಆಗೋ ಮೊದ್ಲು ತೊಳೆದು ಕೊಡೋದು ಅಗ್ರಿಮೆಂಟಿನ್ಯಾಗ ಬರಿ.

ಕುಷ್ಟಗಿ_ಹುಡುಗ:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಗೆಳ್ಯಾರಿಗೆ ಇದನ್ನೆಲ್ಲಾ ಓದಿ ಹೇಳಿದೆ, ಮನಿ ಮನಿ ಅಂತಿದ್ದಾಂವ ಒಂದ ಸ್ವಲ್ಪ ಸಿಟ್ಟಾಗ್ಯಾನ, ಆಗ್ಲಿ. ಅಕ್ಕಾರ, ನಿಮ್ಮೂರ ಸಾಲಿ ಹೆಡ್‌ಮಾಸ್ತರ್ ಕೂಡ ಮಾತಾಡಾಕ ಬರಬಹುದೇನ್ರಿ? ಮೊದ್ಲು ಆ ಬೋರಿನ ನೀರು ಒಯ್ದು ಕಾಲಮ್ ಕಡೀತನ ಓಡಿಸಿ ನೋಡ್ತೀವಿ, ಗ್ರಾಮಿಗೆ ಎಷ್ಟು ಹಿಡೀತೈತಿ ಅಂತ ಖಾತ್ರಿ ಆಗೋತನ ಯಾರಿಗೂ ರೇಟ್ ಹೇಳಂಗಿಲ್ಲ. ಗುಡ್ಡದ ಅಣ್ಣಾರ, ಐದು ವರ್ಷದ್ದು ಅಂತ ಬರೆದ್ರ ಮೊದಲನೇ ವರ್ಷದ ರೊಕ್ಕ ಮುಂಚೇನ ಕೇಳಬಹುದಾ?

ಸಂಘದ_ಅಕ್ಕ:

ಬಾ ತಮ್ಮಾ, ಮಂಗಳವಾರ ಬಿಟ್ಟು ಯಾವಾಗರ ಬಾ, ಮಂಗಳವಾರ ನಮ್ಮ ಸಂಘದ ಮೀಟಿಂಗ್ ಇರ್ತೈತಿ. ಬಿಸಿಯೂಟ ಮಾಡೋರ್ನೂ ಕರೀತೀನಿ, ಹೆಡ್‌ಮಾಸ್ತರ್‌ಕ್ಕಿಂತ ಅವ್ರ ಜೊತಿ ಮಾತಾಡೋದು ಮುಖ್ಯ, ನಲ್ಲಿ ತಿರುವೋರು ಅವ್ರ.

ಬಳ್ಳಾರಿ_ಗುಡ್ಡ:

ಮುಂಚೆ ಕೇಳು, ಅರ್ಧ ಕೊಟ್ರೆ ತಗೋ. ಉಳಿದಿದ್ದು ಟೆಸ್ಟ್ ರಿಪೋರ್ಟ್ ಕೊಟ್ಟಂಗೆಲ್ಲಾ ಮೂರು ತಿಂಗಳಿಗೊಮ್ಮೆ ಅಂತ ಹಾಕು, ಅವರಿಗೂ ನಂಬಿಕೆ ಬರ್ತೈತೆ. ಪೂರ್ತಿ ಕೊನೇಲಿ ಕೊಡ್ತೀವಿ ಅಂದ್ರೆ ಕೈ ಮುಗಿದು ಎದ್ದು ಬಾ.

ಲ್ಯಾಬ್_ಮೇಷ್ಟ್ರು:

ಸ್ಯಾಂಪಲ್ ತರೋವಾಗ ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರ್ಕೊಳ್ತದೆ, ಪ್ಲಾಸ್ಟಿಕ್ ಬಾಟಲಿ ಅದೇ ಬೋರ್ ನೀರಲ್ಲಿ ಎರಡ್ಮೂರು ಸಲ ತೊಳೆದು ತುಂಬಿ. ಒಂದ್ಸಲ ಈಗ ತನ್ನಿ, ಇನ್ನೊಂದ್ಸಲ ಏಪ್ರಿಲ್ ಮೇನಲ್ಲಿ ತನ್ನಿ, ಪಿಎಚ್ ಅಲ್ಲೇ ಬೋರಿನ ಹತ್ರನೇ ನೋಡಿ ಬರ್ಕೊಳ್ಳಿ, ಇಲ್ಲಿಗೆ ಬರೋಷ್ಟರಲ್ಲಿ ಅದು ಬದಲಾಗಿರ್ತದೆ.